ಮಣ್ಣಿನ ಜೀವಿಗಳೂ ಬೆಳೆಯ ಬೆಳವಣಿಗೆಯೂ: ಪ್ರಯೋಗಕ್ರಮದ ಆಯ್ಕೆ

ಬೆಳೆಯ ಏಳ್ಗೆಗೆ ಮಣ್ಣೇ ಆಧಾರವೆಂಬುದು ಸರ್ವವಿದಿತ. ಆದರೆ ಮಣ್ಣೆಂಬುದು ಕಲ್ಲು ಸವೆದು ಆದ ಪುಡಿ ಮಾತ್ರವಲ್ಲ. ಹೊಲದ ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು, ಶಿಲೀಂಧ್ರಗಳ ಎಳೆಗಳು, ಏಕಕೋಶ ಪ್ರಾಣಿಗಳು, ಬರಿಗಣ್ಣಿಗೆ ಕಾಣದ ಜಂತುಹುಳುಗಳು ಬಾಳುತ್ತಿರುತ್ತವೆ. ಇವುಗಳಲ್ಲಿ ಕೆಲವು ಸಸ್ಯಕ್ಕೆ ಆಹಾರವನ್ನು ಒದಗಿಸಿಕೊಡುತ್ತವೆ. ಕೆಲವು ಬೇರನ್ನು ಕೊಳೆಯಿಸುತ್ತವೆ. ಉಳಿದ ಬಹುಪಾಲು ಜೀವಿಗಳಿಂದ ಬೆಳೆಗೆ ನೇರವಾದ ಹಿತವಾಗಲಿ ಅಹಿತವಾಗಲಿ ಕಂಡುಬರುವುದಿಲ್ಲ. ಯಾವ ಜೀವಿಯಿಂದ, ಯಾವ ಬೆಳೆಗೆ, ಯಾವ ಮಣ್ಣಿನಲ್ಲಿ, ಎಷ್ಟು ಉಪಕಾರವಾಗುತ್ತದೆ ಎಂಬುದನ್ನು ಪ್ರಯೋಗದಿಂದಲೇ ತಿಳಿಯಬೇಕು. ಆದರೆ ಎಲ್ಲ ಪ್ರಯೋಗಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು.

ಇದು ಪ್ರಯೋಗಶಾಲೆಯೊಳಗಿನ ಚರ್ಚೆಯಷ್ಟೇ ಅಲ್ಲ. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಮುಂಗಾರಿ ಬಿತ್ತಿಗೆಗೆ ಸೋಯಾ ಅವರೆಯ ಬೀಜವನ್ನು ಸಿದ್ಧಪಡಿಸುವ ರೈತನ ಕೈಗೆ ಜೀವಾಣು ಗೊಬ್ಬರದ ಪೊಟ್ಟಣವೂ ಬರುತ್ತದೆ, ಯೂರಿಯಾದ ಚೀಲವೂ ಬರುತ್ತದೆ. ಪೊಟ್ಟಣವನ್ನು ನಂಬಿ ಯೂರಿಯಾ ಬಿಡಬಹುದೇ ಎಂಬುದು ಅವನಿಗೆ ಒಂದು ವರ್ಷದ ಬೆಳೆಯ ಪ್ರಶ್ನೆ. ತಪ್ಪು ಕ್ರಮದ ಪ್ರಯೋಗವನ್ನು ಆಧರಿಸಿ ‘ಹೌದು’ ಎಂದರೆ ಇಳುವರಿ ಹೋದೀತು. ‘ಇಲ್ಲ’ ಎಂದರೆ ಗಾಳಿಯಿಂದ ಪುಕ್ಕಟೆಯಾಗಿ ದೊರೆಯುವ ಸಾರಜನಕವನ್ನು ಬಿಟ್ಟು ಹಣ ತೆತ್ತಂತಾದೀತು. ಆದುದರಿಂದ ಪ್ರಯೋಗಕ್ರಮವನ್ನು ಹೇಗೆ ಆರಿಸಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಪ್ರಶ್ನೆಯ ಮೂರು ರೂಪಗಳು

ಒಂದು ಜೀವಿಯ ವಿಷಯದಲ್ಲಿ ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಮೊದಲನೆಯದು: ಈ ಜೀವಿ ಸಸ್ಯಕ್ಕೆ ಉಪಕಾರ ಮಾಡಬಲ್ಲುದೇ? ಎರಡನೆಯದು: ಮಿಕ್ಕೆಲ್ಲ ಜೀವಿಗಳ ನಡುವೆ, ಸಹಜ ಮಣ್ಣಿನಲ್ಲಿಯೂ ಅದು ಉಪಕಾರ ಮಾಡುತ್ತಿದೆಯೇ? ಮೂರನೆಯದು: ಹೊಲದಲ್ಲಿ ಅದನ್ನು ಹೊಸದಾಗಿ ಸೇರಿಸಿದರೆ ಇಳುವರಿ ಹೆಚ್ಚುವುದೇ? ಈ ಮೂರೂ ಒಂದರಂತೆ ಒಂದು ಕಂಡರೂ ಒಂದರ ಉತ್ತರದಿಂದ ಇನ್ನೊಂದರ ಉತ್ತರವನ್ನು ಊಹಿಸಲಾಗದು. ಮಾಡಬಲ್ಲ ಜೀವಿ ಮಾಡದೆ ಇರಬಹುದು; ಮಾಡುತ್ತಿರುವ ಜೀವಿ ಹೊಲದಲ್ಲಿ ಆಗಲೇ ಬೇಕಾದಷ್ಟು ಇದ್ದು, ಹೊಸದಾಗಿ ಸೇರಿಸಿದ್ದರಿಂದ ಏನೂ ಹೆಚ್ಚದೆ ಇರಬಹುದು. ಈ ಶಾಸ್ತ್ರದ ಎಷ್ಟೋ ವಾದವಿವಾದಗಳು ಮೊದಲನೆಯ ಪ್ರಶ್ನೆಯ ಉತ್ತರವನ್ನು ಮೂರನೆಯದಕ್ಕೆ ಹಚ್ಚಿದ್ದರಿಂದ ಹುಟ್ಟಿದವು.

ನಿರ್ಜೀವ ಮಣ್ಣಿನ ಪ್ರಯೋಗ

ಮೊದಲನೆಯ ಪ್ರಶ್ನೆಗೆ ತಕ್ಕ ಕ್ರಮವೆಂದರೆ, ಮಣ್ಣಿನ ಎಲ್ಲ ಜೀವಿಗಳನ್ನೂ ಕೊಂದು, ಬಳಿಕ ಒಂದನ್ನೇ ಅದಕ್ಕೆ ಸೇರಿಸಿ ನೋಡುವುದು. ಇದಕ್ಕೆ ಉತ್ತಮ ನಿದರ್ಶನವನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬವರು ಒದಗಿಸಿದರು. ಅವರು ಸಾರಜನಕವಿಲ್ಲದ ಮರಳನ್ನು ಕಾಯಿಸಿ ನಿರ್ಜೀವಗೊಳಿಸಿ, ಅದರಲ್ಲಿ ಬಟಾಣಿಯನ್ನೂ ಓಟ್ಸ್ ಧಾನ್ಯವನ್ನೂ ಬೆಳೆಸಿದರು. ಎರಡೂ ಸೊರಗಿದವು. ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ ತೆಗೆದ ತಿಳಿಯನ್ನು ಸ್ವಲ್ಪ ಹಾಕಲು ಬಟಾಣಿಯ ಬೇರಿನಲ್ಲಿ ಗಂಟುಗಳು ಮೂಡಿ ಗಿಡ ಸೊಂಪಾಗಿ ಬೆಳೆಯಿತು. ಓಟ್ಸ್ ಇದ್ದಂತೆಯೇ ಇತ್ತು. ಅದೇ ತಿಳಿಯನ್ನು ಕುದಿಸಿ ಹಾಕಿದಲ್ಲಿ ಬಟಾಣಿಗೂ ಪ್ರಯೋಜನವಾಗಲಿಲ್ಲ. ೧೮೮೬ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಈ ಶೋಧದಿಂದ, ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಪಡೆಯುವುದು ಬೇರುಗಂಟಿನ ಜೀವಿಗಳ ಮೂಲಕವೇ ಎಂಬುದು ಸ್ಥಿರಪಟ್ಟಿತು. ೧೮೮೮ರಲ್ಲಿ ಬೈಯರಿಂಕ್ ಎಂಬ ಡಚ್ ವಿಜ್ಞಾನಿ ಆ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿ ಬೆಳೆಸಿದನು.

ಈ ಪ್ರಯೋಗದ ಬಲವು ಕುದಿಸಿದ ತಿಳಿಯಲ್ಲಿದೆ. ಕುದಿಸಿದ ತಿಳಿಯಲ್ಲಿ ಲವಣಗಳೆಲ್ಲ ಉಳಿದಿರುತ್ತವೆ, ಜೀವ ಮಾತ್ರ ಇರುವುದಿಲ್ಲ. ಆದುದರಿಂದ ಫಲವು ಲವಣದ್ದಲ್ಲ, ಜೀವಿಯದೇ ಎಂದು ಹೇಳಲು ಸಾಧ್ಯವಾಯಿತು. ಜೀವಿಯ ಪ್ರಭಾವವನ್ನು ಪರೀಕ್ಷಿಸುವ ಯಾವ ಪ್ರಯೋಗದಲ್ಲಾದರೂ ಇಂಥ ‘ಸತ್ತ ಜೋಡಿ’ ಇಲ್ಲದಿದ್ದರೆ ಫಲಿತಾಂಶವನ್ನು ಸಂದೇಹದಿಂದ ನೋಡತಕ್ಕದ್ದು.

ಆದರೆ ಮಣ್ಣು ಮರಳಿನಷ್ಟು ಸರಳವಲ್ಲ. ಒತ್ತಡದ ಹಬೆಯಲ್ಲಿ ಕಾಯಿಸಿದಾಗ ಮಣ್ಣಿನೊಳಗಿನ ಜೀವಿಗಳು ಸತ್ತು ಅವುಗಳ ದೇಹದಲ್ಲಿದ್ದ ಸಾರಜನಕವು ಅಮೋನಿಯಾ ರೂಪದಲ್ಲಿ ಬಿಡುಗಡೆಯಾಗುತ್ತದೆ. ಕರಗುವ ಮ್ಯಾಂಗನೀಸಿನ ಪ್ರಮಾಣ ಏರಿ ಕೆಲವೊಮ್ಮೆ ಗಿಡಕ್ಕೆ ವಿಷವಾಗುತ್ತದೆ. ಹೀಗಾಗಿ ಕಾಯಿಸಿದ ಮಣ್ಣಿನಲ್ಲಿ ಗಿಡವು ಚೆನ್ನಾಗಿ ಬೆಳೆದರೆ ಅದು ರೋಗಕಾರಕ ಜೀವಿಗಳು ಸತ್ತುದರ ಫಲವೋ, ಸತ್ತ ಜೀವಿಗಳೇ ಗೊಬ್ಬರವಾದುದರ ಫಲವೋ ಹೇಳಲಾಗದು. ಗ್ಯಾಮಾ ಕಿರಣಗಳಿಂದ ಕೊಂದರೆ ಮಣ್ಣಿನ ರಚನೆ ಕಡಮೆ ಕೆಡುತ್ತದೆಯಾದರೂ ಅಮೋನಿಯಾದ ತೊಂದರೆ ತಪ್ಪದು. ಆದುದರಿಂದ ಕಾಯಿಸಿದ ಮಣ್ಣನ್ನು ಕಾಯಿಸದ ಮಣ್ಣಿನೊಡನೆ ನೇರವಾಗಿ ಹೋಲಿಸಬಾರದು. ಮಣ್ಣೆಲ್ಲವನ್ನೂ ಕಾಯಿಸಿ, ಅರ್ಧ ಕುಂಡಗಳಿಗೆ ಜೀವಿಯನ್ನೂ ಮಿಕ್ಕ ಅರ್ಧಕ್ಕೆ ಅದರ ಸತ್ತ ಜೋಡಿಯನ್ನೂ ಸೇರಿಸುವುದೇ ಸರಿಯಾದ ಕ್ರಮ.

ನಮ್ಮ ಜಿಲ್ಲೆಯ ಎರೆ ಮಣ್ಣಿನಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಜಿಗುಟಾದ ಹೆಂಟೆಯ ಒಳಕ್ಕೆ ಹಬೆಯ ಕಾವು ಸುಲಭವಾಗಿ ಇಳಿಯುವುದಿಲ್ಲ. ತೆಳುವಾಗಿ ಹರಡಿ, ದಿನ ಬಿಟ್ಟು ದಿನ ಎರಡು ಮೂರು ಸಲ ಕಾಯಿಸಬೇಕಾಗುತ್ತದೆ. ಒಣಗಿಸಿ ಜರಡಿ ಹಿಡಿದ ಎರೆ ಮಣ್ಣನ್ನು ಕುಂಡಕ್ಕೆ ತುಂಬಿದರೆ ಹೊಲದಲ್ಲಿದ್ದ ಅದರ ಕಣರಚನೆ ಉಳಿಯದು. ನೀರು ಬಿದ್ದಾಗ ಅದು ಉಬ್ಬಿ ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ಆರಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಮುಂದೆ ಹಾಕಿದ ನೀರು ಬೇರಿಗೆ ತಾಗದೆ ಆ ಸಂದಿಯಿಂದ ಸೋರಿಹೋಗುತ್ತದೆ. ಮರಳು ಬೆರಸಿ ಇದನ್ನು ತಪ್ಪಿಸಬಹುದು. ಆದರೆ ಆಗ ನಾವು ಪರೀಕ್ಷಿಸುತ್ತಿರುವುದು ಎರೆ ಮಣ್ಣನ್ನಲ್ಲವೆಂಬುದನ್ನು ವರದಿಯಲ್ಲಿ ಹೇಳಲೇಬೇಕು.

ಹೋಲಿಕೆಯ ಕುಂಡ

ಬೇರಿನೊಳಗೆ ಸೇರಿಕೊಂಡು ಮಣ್ಣಿನ ರಂಜಕವನ್ನು ಸಸ್ಯಕ್ಕೆ ತಂದೊದಗಿಸುವ ಶಿಲೀಂಧ್ರಗಳುಂಟು. ಶಿಲೀಂಧ್ರ ಮತ್ತು ಬೇರುಗಳ ಈ ಕೂಟಕ್ಕೆ ಮೈಕೊರೈಜಾ ಎಂದು ಹೆಸರು. ಜೋಳ, ಹತ್ತಿ, ಶೇಂಗಾ ಮೊದಲಾದ ನಮ್ಮ ಬಹುತೇಕ ಬೆಳೆಗಳಲ್ಲಿರುವ ಜಾತಿಯ ಶಿಲೀಂಧ್ರಗಳನ್ನು ಸಸ್ಯವಿಲ್ಲದೆ ಪ್ರತ್ಯೇಕವಾಗಿ ಬೆಳೆಸುವುದು ಕಷ್ಟ. ಅವುಗಳ ಬೀಜಕಗಳನ್ನು ಒಂದು ಆಶ್ರಯ ಸಸ್ಯದ ಕುಂಡದಲ್ಲಿ ಬೆಳೆಸಿ, ಆ ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಗಳ ಮೂಲಕ ಸೋಸಿ ತೆಗೆಯುತ್ತಾರೆ. ಗರ್ಡೆಮನ್ ಮತ್ತು ನಿಕೊಲ್ಸನ್ ೧೯೬೩ರಲ್ಲಿ ವಿವರಿಸಿದ ಈ ವಿಧಾನವು ಇಂದಿಗೂ ಬಳಕೆಯಲ್ಲಿದೆ.

ಆದರೆ ಇಂಥ ಮಣ್ಣನ್ನೇ ಬಿತ್ತಿಗೆಯ ಕುಂಡಕ್ಕೆ ಸೇರಿಸಿದಾಗ ಶಿಲೀಂಧ್ರದೊಡನೆ ಅದರ ಸಂಗಡಿಗ ಬ್ಯಾಕ್ಟೀರಿಯಾಗಳೂ ಬರುತ್ತವೆ. ಹೋಲಿಕೆಯ ಕುಂಡಕ್ಕೆ ಏನನ್ನೂ ಸೇರಿಸದೆ ಬಿಟ್ಟರೆ, ಕಂಡ ವ್ಯತ್ಯಾಸವು ಶಿಲೀಂಧ್ರದಿಂದ ಬಂದುದೋ ಸಂಗಡಿಗರಿಂದ ಬಂದುದೋ ತಿಳಿಯದು. ಇದಕ್ಕೆ ಪರಿಹಾರವೂ ಸರಳವಾಗಿದೆ: ಆ ಮಣ್ಣಿನ ತೊಳೆನೀರನ್ನು ಬೀಜಕಗಳು ದಾಟದಂಥ, ಆದರೆ ಬ್ಯಾಕ್ಟೀರಿಯಾಗಳು ದಾಟುವಂಥ ಜರಡಿಯಲ್ಲಿ ಸೋಸಿ, ಎಲ್ಲ ಕುಂಡಗಳಿಗೂ ಸಮನಾಗಿ ಹಾಕಬೇಕು, ಕಾಯಿಸಿ ಕೊಂದ ಶಿಲೀಂಧ್ರದ ಮಣ್ಣನ್ನು ಹೋಲಿಕೆಯ ಕುಂಡಗಳಿಗೆ ಅಷ್ಟೇ ತೂಕದಲ್ಲಿ ಸೇರಿಸಬೇಕು. ಆಗ ಎರಡರ ನಡುವೆ ಉಳಿಯುವ ಮುಖ್ಯ ಭೇದವು ಜೀವಂತ ಶಿಲೀಂಧ್ರ ಒಂದೇ.

ಸಹಜ ಮಣ್ಣಿನಲ್ಲಿ

ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಮಣ್ಣನ್ನು ಕೊಲ್ಲದೆ ಪರೀಕ್ಷಿಸಬೇಕು. ನಿರ್ಜೀವ ಮಣ್ಣಿನಲ್ಲಿ ಒಂಟಿಯಾಗಿ ಹಬ್ಬಿದ ಜೀವಿಯು ಸಹಜ ಮಣ್ಣಿನಲ್ಲಿ ನೂರಾರು ಎದುರಾಳಿಗಳನ್ನು ಎದುರಿಸಬೇಕಾಗುತ್ತದೆ. ಈ ದೃಷ್ಟಿಯಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬಾಗ್ಯರಾಜ್ ಮತ್ತು ಮಂಜುನಾಥ್ ಅವರು ೧೯೮೦ರಲ್ಲಿ ಪ್ರಕಟಿಸಿದ ಕೆಲಸವು ಗಮನಾರ್ಹವಾದುದು. ಅವರು ರಂಜಕದ ಕೊರತೆಯಿದ್ದ, ನಿರ್ಜೀವಗೊಳಿಸದ ಮಣ್ಣಿನಲ್ಲಿಯೇ ಹತ್ತಿ, ಅಲಸಂದಿ, ರಾಗಿಗಳಿಗೆ ಮೈಕೊರೈಜಾ ಶಿಲೀಂಧ್ರವನ್ನು ಸೇರಿಸಿ ಬೆಳವಣಿಗೆ ಹೆಚ್ಚುವುದನ್ನು ತೋರಿಸಿದರು. ಮಣ್ಣಿನಲ್ಲಿ ಮೊದಲೇ ಇದ್ದ ಶಿಲೀಂಧ್ರಗಳ ಎದುರಿಗೂ ಫಲ ಕಂಡುಬಂದಿತೆಂಬುದರಲ್ಲಿ ಈ ಪ್ರಯೋಗದ ಬೆಲೆಯಿದೆ.

ಸಹಜ ಮಣ್ಣಿನಲ್ಲಿ ಕಾಣುವುದು ಹಿತ ಅಹಿತಗಳ ಒಟ್ಟು ಮೊತ್ತವೆಂಬುದನ್ನೂ ನೆನಪಿಡಬೇಕು. ವರ್ಷ ವರ್ಷವೂ ಕಡಲೆಯನ್ನೇ ಬಿತ್ತಿದ ಎರೆ ಹೊಲದಲ್ಲಿ ಕಡಲೆಯ ಗಂಟಿನ ಬ್ಯಾಕ್ಟೀರಿಯಾವೂ ಹೆಚ್ಚಬಹುದು, ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರವೂ ಹೆಚ್ಚಬಹುದು. ಗಿಡದ ಎತ್ತರವನ್ನಷ್ಟೇ ಅಳೆದರೆ ಒಂದರ ಲಾಭವನ್ನು ಇನ್ನೊಂದರ ನಷ್ಟ ಮುಚ್ಚಿಹಾಕೀತು. ಆದುದರಿಂದ ಬೇರನ್ನು ತೊಳೆದು ಗಂಟುಗಳನ್ನೂ ರೋಗದ ಗುರುತುಗಳನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು.

ಇನ್ನೊಂದು ದೋಷ ಬಹಳ ಪ್ರಬಂಧಗಳಲ್ಲಿ ಕಾಣುವಂಥದು. ಹತ್ತು ಹೊಲಗಳ ಮಣ್ಣನ್ನು ತಂದು ಒಂದೇ ರಾಶಿಯಾಗಿ ಬೆರಸಿ ಮೂವತ್ತು ಕುಂಡ ತುಂಬಿದರೆ, ಮೂವತ್ತು ಪುನರಾವರ್ತನೆಗಳಾದವೆಂದು ತಿಳಿಯುವುದುಂಟು. ವಾಸ್ತವವಾಗಿ ಅಲ್ಲಿ ಪರೀಕ್ಷೆಗೊಳಗಾದುದು ಒಂದೇ ರಾಶಿ. ಹೊಲದಿಂದ ಹೊಲಕ್ಕಿರುವ ಭೇದವೇ ಅಳಿಸಿಹೋಗಿರುವುದರಿಂದ, ಆ ಫಲಿತಾಂಶವನ್ನು ಊರಿನ ಹೊಲಗಳಿಗೆಲ್ಲ ಅನ್ವಯಿಸುವ ಅಧಿಕಾರ ನಮಗಿಲ್ಲ. ಹರ್ಲ್‌ಬರ್ಟ್ ಎಂಬ ವಿಜ್ಞಾನಿ ೧೯೮೪ರಲ್ಲಿ ಇದನ್ನು ‘ಹುಸಿ ಪುನರಾವರ್ತನೆ’ ಎಂಬರ್ಥದ ಹೆಸರಿನಿಂದ ಖಂಡಿಸಿದನು. ಹತ್ತು ಹೊಲಗಳ ಮಣ್ಣನ್ನು ಹತ್ತು ಬೇರೆ ರಾಶಿಗಳಾಗಿಯೇ ಇಟ್ಟು, ಒಂದೊಂದು ರಾಶಿಯಿಂದ ಎಲ್ಲ ಉಪಚಾರಗಳಿಗೂ ಒಂದೊಂದು ಕುಂಡ ತುಂಬುವುದು ಲೇಸು.

ಎಣಿಕೆಯಿಂದ ತಿಳಿಯುವುದೆಷ್ಟು?

ಮಣ್ಣಿನ ಜೀವಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಎಣಿಸುವುದು ಹಳೆಯ ಪದ್ಧತಿ. ಸೂಕ್ಷ್ಮದರ್ಶಕದಲ್ಲಿ ಕಾಣುವ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದರಷ್ಟು ಕೂಡ ತಟ್ಟೆಯ ಮೇಲೆ ಬೆಳೆಯದಿರುವುದು ಸಾಮಾನ್ಯ. ಈಗ ಮಣ್ಣಿನಿಂದ ಡಿ.ಎನ್.ಎ. ತೆಗೆದು ಓದುವ ವಿಧಾನದಿಂದ ಬೆಳೆಯದ ಜೀವಿಗಳ ಹೆಸರುಗಳೂ ತಿಳಿಯುತ್ತವೆ. ಆದರೆ ಹೆಸರು ತಿಳಿದ ಮಾತ್ರಕ್ಕೆ ಕೆಲಸ ತಿಳಿದಂತಾಗಲಿಲ್ಲ. ಸತ್ತ ಜೀವಿಯ ಡಿ.ಎನ್.ಎ. ಕೂಡ ಮಣ್ಣಿನಲ್ಲಿ ಉಳಿದಿರುವುದುಂಟು.

ತಟ್ಟೆಯಲ್ಲಿ ತೋರಿದ ಗುಣವು ಮಣ್ಣಿನಲ್ಲಿಯೂ ತೋರೀತೆಂಬ ಭರವಸೆಯೂ ಇಲ್ಲ. ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಸುಣ್ಣದ ರಂಜಕವಿರುವ ತಟ್ಟೆಯ ಮೇಲೆ ಆಮ್ಲವನ್ನು ಸ್ರವಿಸಿ ತಮ್ಮ ಸುತ್ತ ತಿಳಿಯಾದ ಬಳೆಯನ್ನು ಮೂಡಿಸುತ್ತವೆ. ಆದರೆ ಸುಣ್ಣದ ಹರಳುಗಳಿಂದ ಕೂಡಿದ ಎರೆ ಮಣ್ಣಿನಲ್ಲಿ ಅದೇ ಆಮ್ಲದ ಬಹುಭಾಗವನ್ನು ಸುಣ್ಣವೇ ಹೀರಿ ತಣಿಸಿಬಿಡುತ್ತದೆ. ೧೯೫೦ರ ದಶಕದಲ್ಲಿ ಸೋವಿಯತ್ ದೇಶದಲ್ಲಿ ‘ಫಾಸ್ಫೋಬ್ಯಾಕ್ಟೆರಿನ್’ ಎಂಬ ಜೀವಾಣು ಗೊಬ್ಬರವನ್ನು ವಿಸ್ತಾರವಾದ ಪ್ರದೇಶದಲ್ಲಿ ಬಳಸಿದರು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಅದನ್ನು ಪ್ರಯೋಗಶಾಲೆ, ಗಾಜಿನ ಮನೆ, ಹೊಲ ಈ ಮೂರು ಕಡೆಗಳಲ್ಲಿಯೂ ಪರೀಕ್ಷಿಸಿ ೧೯೬೨ರಲ್ಲಿ ವರದಿ ಮಾಡಿದಾಗ ಹೇಳಿಕೊಳ್ಳುವಂಥ ಲಾಭ ಕಂಡುಬರಲಿಲ್ಲ. ಬಳಕೆಯ ವಿಸ್ತಾರವು ಗುಣಕ್ಕೆ ಸಾಕ್ಷಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಣಿಕೆಯ ಕ್ರಮಗಳಲ್ಲಿ ಒಂದು ಮಾತ್ರ ನಮ್ಮ ಕೆಲಸಕ್ಕೆ ಬಹಳ ಒದಗುತ್ತದೆ. ಏಕೆಂದರೆ ಅಲ್ಲಿ ಎಣಿಸುವುದು ಸಸ್ಯವೇ. ಹೊಲದ ಮಣ್ಣನ್ನು ನೀರಿನಲ್ಲಿ ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ಹೀಗೆ ತೆಳ್ಳಗೆ ಮಾಡುತ್ತ ಹೋಗಿ, ಪ್ರತಿಯೊಂದನ್ನೂ ನಿರ್ಜೀವ ಮರಳಿನಲ್ಲಿ ಬೆಳೆಸಿದ ಕೆಲವು ಸೋಯಾ ಸಸಿಗಳಿಗೆ ಹಾಕಬೇಕು. ಯಾವ ಹಂತದವರೆಗೆ ಎಷ್ಟು ಸಸಿಗಳಲ್ಲಿ ಗಂಟು ಮೂಡಿತೆಂಬುದರಿಂದ, ಒಂದು ಗ್ರಾಂ ಮಣ್ಣಿನಲ್ಲಿ ಸೋಯಾಕ್ಕೆ ಒಗ್ಗುವ ಬ್ಯಾಕ್ಟೀರಿಯಾಗಳೆಷ್ಟಿವೆಯೆಂದು ಸಿದ್ಧಕೋಷ್ಟಕದ ನೆರವಿನಿಂದ ಲೆಕ್ಕ ಹಾಕಬಹುದು. ಹವಾಯಿಯಲ್ಲಿ ನಡೆದು ೧೯೯೧ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ, ಈ ಸಂಖ್ಯೆ ಗ್ರಾಮಿಗೆ ಸುಮಾರು ೫೦ನ್ನು ಮೀರಿದರೆ ಬೀಜಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಲೇಪಿಸುವುದರಿಂದ ಇಳುವರಿ ಹೆಚ್ಚುವ ಸಂಭವ ಬಹಳ ಕಡಮೆಯಾಗುತ್ತದೆ.

ಹೊಲದ ಪ್ರಯೋಗ: ಮಿಶ್ರಿಕೋಟಿಯ ಸೋಯಾ ಉದಾಹರಣೆ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಅಲಸಂದಿ, ಹೆಸರು, ಶೇಂಗಾಗಳಿಗೆ ಒಗ್ಗುವ ಬ್ಯಾಕ್ಟೀರಿಯಾಗಳು ನಮ್ಮ ಮಣ್ಣಿನಲ್ಲಿ ಬಹುಕಾಲದಿಂದ ನೆಲೆಸಿವೆ. ಸೋಯಾ ಅವರೆಯಾದರೋ ಪೂರ್ವ ಏಷ್ಯಾದಿಂದ ಬಂದ ಬೆಳೆ. ಅದಕ್ಕೆ ಒಗ್ಗುವ ಬ್ರೇಡಿರೈಜೋಬಿಯಂ ಜಪಾನಿಕಂ ಎಂಬ ಬ್ಯಾಕ್ಟೀರಿಯಾ ಅದನ್ನು ಹಿಂದೆಂದೂ ಬಿತ್ತದ ಹೊಲದಲ್ಲಿ ಸಾಮಾನ್ಯವಾಗಿ ವಿರಳ. ಒಮ್ಮೆ ಲೇಪನದ ಮೂಲಕ ಬಂದಮೇಲೆ ಅದು ವರ್ಷಗಟ್ಟಲೆ ಉಳಿಯಬಲ್ಲುದು. ಆದುದರಿಂದ ಮಿಶ್ರಿಕೋಟಿಯಲ್ಲಿ ಪ್ರಯೋಗ ಮಾಡಹೊರಟವರು ಕೇಳಬೇಕಾದ ಮೊದಲ ಮಾತು, ಈ ಹೊಲದಲ್ಲಿ ಹಿಂದೆ ಸೋಯಾ ಬಿತ್ತಿದ್ದುಂಟೇ ಎಂಬುದು. ಬಿತ್ತಿದ ಹೊಲ, ಬಿತ್ತದ ಹೊಲ ಎರಡನ್ನೂ ಆರಿಸಿಕೊಳ್ಳಬೇಕು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆ ಬಯಲೂ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನ ಕೆಂಪು ಮಣ್ಣೂ ಇರುವ ಈ ಜಿಲ್ಲೆಯಲ್ಲಿ, ಒಂದು ಬಗೆಯ ಮಣ್ಣಿನ ಫಲವನ್ನು ಇನ್ನೊಂದಕ್ಕೆ ಹೇಳಲಾಗದು.

ಉಪಚಾರಗಳು ಕನಿಷ್ಠ ನಾಲ್ಕು ಇರಬೇಕು: (೧) ಏನನ್ನೂ ಲೇಪಿಸದ ಬೀಜ, (೨) ಬೆಲ್ಲದ ನೀರಿನಲ್ಲಿ ಕಲಸಿದ ಜೀವಾಣು ಗೊಬ್ಬರವನ್ನು ಲೇಪಿಸಿದ ಬೀಜ, (೩) ಕಾಯಿಸಿ ಕೊಂದ ಅದೇ ಗೊಬ್ಬರವನ್ನು ಅದೇ ಬೆಲ್ಲದ ನೀರಿನಲ್ಲಿ ಲೇಪಿಸಿದ ಬೀಜ, (೪) ಲೇಪನವಿಲ್ಲದೆ, ಬೆಳೆಗೆ ಕೊರತೆಯಾಗದಷ್ಟು ಸಾರಜನಕ ಗೊಬ್ಬರ. ರಂಜಕ ಮುಂತಾದ ಉಳಿದ ಗೊಬ್ಬರಗಳು ಎಲ್ಲ ಮಡಿಗಳಿಗೂ ಸಮ. ನಾಲ್ಕನೆಯ ಮಡಿಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ಪ್ರಯೋಗದ ಕೀಲಿ ಅದರಲ್ಲಿಯೇ ಇದೆ. ನಾಲ್ಕನೆಯದು ಒಂದನೆಯದಕ್ಕಿಂತ ಹೆಚ್ಚು ಬೆಳೆಯದಿದ್ದರೆ ಆ ಹೊಲದಲ್ಲಿ ಸಾರಜನಕದ ಕೊರತೆಯೇ ಇಲ್ಲ. ಅಂಥಲ್ಲಿ ಬ್ಯಾಕ್ಟೀರಿಯಾದ ಗುಣ ಕಾಣದಿರುವುದು ಅದರ ದೋಷವಲ್ಲ. ನಾಲ್ಕನೆಯದು ಹೆಚ್ಚು ಬೆಳೆದು ಎರಡನೆಯದು ಒಂದನೆಯದರಂತೆಯೇ ಉಳಿದರೆ, ಬೇರನ್ನು ಅಗೆದು ನೋಡಬೇಕು. ಎರಡರಲ್ಲಿಯೂ ಗಂಟುಗಳಿಲ್ಲದಿದ್ದರೆ ಲೇಪಿಸಿದ ಬ್ಯಾಕ್ಟೀರಿಯಾ ಬದುಕಿಲ್ಲ. ಗಂಟುಗಳಿದ್ದೂ ಕೊಯ್ದಾಗ ಒಳಗೆ ಕೆಂಪು ಬಣ್ಣ ಕಾಣದಿದ್ದರೆ ಅವು ಕೆಲಸ ಮಾಡುತ್ತಿಲ್ಲ.

ಪೊಟ್ಟಣದ ಪರೀಕ್ಷೆಯೂ ಪ್ರಯೋಗದ ಭಾಗವೇ ಆಗಬೇಕು. ೨೦೦೬ರಲ್ಲಿ ಜೀವಾಣು ಗೊಬ್ಬರಗಳನ್ನೂ ಭಾರತ ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತರಲಾಯಿತು. ಅದರ ಮೇರೆಗೆ ಪುಡಿಯ ರೂಪದ ರೈಜೋಬಿಯಂ ಗೊಬ್ಬರದಲ್ಲಿ ಗ್ರಾಮಿಗೆ ಕನಿಷ್ಠ ೫ ಕೋಟಿ ಜೀವಕೋಶಗಳಿರಬೇಕು. ಬಿತ್ತುವ ದಿನ ಪೊಟ್ಟಣದಲ್ಲಿ ಎಷ್ಟಿದ್ದವೆಂದು ಎಣಿಸದ ಪ್ರಯೋಗವು, ‘ಫಲವಿಲ್ಲ’ ಎಂದರೂ ಯಾವುದರ ಫಲವಿಲ್ಲವೆಂದು ಹೇಳಲಾರದು.

ಮಡಿಯಿಂದ ಮಡಿಗೆ ಜೀವಿಗಳು ಹರಡದಂತೆ ನೋಡಿಕೊಳ್ಳುವುದು ಹೊಲದ ಪ್ರಯೋಗದ ಕಠಿಣವಾದ ಭಾಗ. ಲೇಪಿಸದ ಬೀಜವನ್ನೇ ಮೊದಲು ಬಿತ್ತಬೇಕು. ಕೂರಿಗೆಯನ್ನು ತೊಳೆದು ಒರಸಿ ಬಳಿಕ ಲೇಪಿಸಿದ್ದನ್ನು ಬಿತ್ತಬೇಕು. ಮಡಿಗಳ ನಡುವೆ ಬದು ಹಾಕಿ, ಮಳೆಯ ನೀರು ಒಂದರಿಂದ ಇನ್ನೊಂದಕ್ಕೆ ಹರಿಯದಂತೆ ಮಾಡಬೇಕು. ಇಳಿಜಾರಿನ ಮೇಲಿನಿಂದ ಕೆಳಕ್ಕೆ ಹೊಲವನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದು ಪಟ್ಟಿಯಲ್ಲಿಯೂ ನಾಲ್ಕು ಉಪಚಾರಗಳನ್ನು ಚೀಟಿಯೆತ್ತಿ ಹಂಚಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ ಕೆಲಸ ಮಾಡಿದ ಫಿಷರ್ ೧೯೨೬ ಮತ್ತು ೧೯೩೫ರ ತನ್ನ ಬರಹಗಳಲ್ಲಿ ನೆಲೆಗೊಳಿಸಿದ ಈ ನಿಯಮಗಳು ಇಂದಿಗೂ ಹೊಲದ ಪ್ರಯೋಗದ ಅಡಿಗಲ್ಲಾಗಿವೆ.

ಎಷ್ಟು ಪಟ್ಟಿಗಳು ಬೇಕು? ಮಡಿಯಿಂದ ಮಡಿಗೆ ಇಳುವರಿ ಶೇಕಡಾ ೧೫ರಷ್ಟು ಏರುಪೇರಾಗುವ ಹೊಲದಲ್ಲಿ ಶೇಕಡಾ ೧೦ರ ಹೆಚ್ಚಳವನ್ನು ಐದರಲ್ಲಿ ನಾಲ್ಕು ಸಲ ಪತ್ತೆಹಚ್ಚಬೇಕಾದರೆ, ಸಂಖ್ಯಾಶಾಸ್ತ್ರದ ರೂಢಿಯ ಲೆಕ್ಕದಂತೆ ಪ್ರತಿ ಉಪಚಾರಕ್ಕೂ ಸುಮಾರು ೩೫ ಮಡಿಗಳು ಬೇಕಾಗುತ್ತವೆ. ಕೇವಲ ೪ ಪಟ್ಟಿಗಳಲ್ಲಿ ನೆಚ್ಚಿಕೆಯಿಂದ ಕಾಣಸಿಗುವುದು ಶೇಕಡಾ ೩೦ಕ್ಕೂ ಮಿಕ್ಕ ಭೇದ ಮಾತ್ರ. ಹೀಗಿರುವಲ್ಲಿ ನಾಲ್ಕು ಪಟ್ಟಿಗಳ ಪ್ರಯೋಗದಿಂದ ‘ಭೇದವಿಲ್ಲ’ ಎಂದು ಬರೆಯುವುದು ದುಡುಕು; ‘ಭೇದ ಕಾಣಲಿಲ್ಲ’ ಎಂದಷ್ಟೇ ಬರೆಯಬೇಕು. ಒಂದೇ ಹೊಲದಲ್ಲಿ ಮೂವತ್ತೈದು ಪಟ್ಟಿ ಹಾಕುವುದಕ್ಕಿಂತ, ಅನೇಕ ರೈತರ ಹೊಲಗಳಲ್ಲಿ ಒಂದೊಂದು ಪಟ್ಟಿ ಹಾಕಿ ಹೊಲವನ್ನೇ ಪುನರಾವರ್ತನೆಯೆಂದು ಎಣಿಸುವುದು ಉತ್ತಮ. ಅದರಿಂದ ಫಲವು ಊರಿಗೂ ಅನ್ವಯಿಸುತ್ತದೆ.

ಗಾಳಿಯಿಂದ ಬಂದ ಸಾರಜನಕವೆಷ್ಟು ಎಂಬುದನ್ನು ಅಳೆಯಬೇಕಾದರೆ, ೧೯೫೪ರಲ್ಲಿ ಮೊದಲು ವರದಿಯಾದಂಥ ಗಂಟು ಕಟ್ಟದ ಸೋಯಾ ತಳಿಯೊಂದನ್ನು ಪಕ್ಕದಲ್ಲಿ ಬೆಳೆಸಿ, ಎರಡರ ಒಟ್ಟು ಸಾರಜನಕದ ವ್ಯತ್ಯಾಸವನ್ನು ತೆಗೆಯಬಹುದು. ಇನ್ನೂ ನಿಖರವಾಗಿ ಬೇಕೆಂದರೆ ಸಾರಜನಕ-೧೫ ಎಂಬ ಭಾರವಾದ ಸಮಸ್ಥಾನಿಯನ್ನು ಬಳಸುತ್ತಾರೆ. ಗಾಳಿಯ ಸಾರಜನಕದಲ್ಲಿ ಅದರ ಪಾಲು ಶೇಕಡಾ ೦.೩೬೬; ಮಣ್ಣಿಗೆ ಈ ಸಮಸ್ಥಾನಿ ಹೆಚ್ಚಾಗಿರುವ ಗೊಬ್ಬರವನ್ನು ಸ್ವಲ್ಪವೇ ಹಾಕಿದರೆ, ಗಾಳಿಯಿಂದ ಹೆಚ್ಚು ಪಡೆದ ಗಿಡದಲ್ಲಿ ಆ ಪಾಲು ಅಷ್ಟಷ್ಟು ತಗ್ಗಿರುತ್ತದೆ. ಇದಕ್ಕೆ ಬೆಲೆಬಾಳುವ ಉಪಕರಣ ಬೇಕು. ಮೊದಲಿನದಕ್ಕೆ ತಕ್ಕಡಿಯೂ ಸಾರಜನಕದ ರಾಸಾಯನಿಕ ಪರೀಕ್ಷೆಯೂ ಸಾಕು.

ಆಯ್ಕೆಯ ಕ್ರಮ

ಹೀಗೆ ಪ್ರತಿಯೊಂದು ಕ್ರಮವೂ ಒಂದು ವಿಷಯದಲ್ಲಿ ಖಚಿತತೆಯನ್ನು ಕೊಟ್ಟು ಇನ್ನೊಂದರಲ್ಲಿ ಅದನ್ನು ಕಳೆದುಕೊಳ್ಳುತ್ತದೆ. ನಿರ್ಜೀವ ಮಣ್ಣು ಕಾರಣವನ್ನು ತೋರಿಸುತ್ತದೆ, ವಾಸ್ತವವನ್ನು ಮರೆಮಾಡುತ್ತದೆ. ಹೊಲವು ವಾಸ್ತವವನ್ನು ತೋರಿಸುತ್ತದೆ, ಕಾರಣಗಳನ್ನು ಬೆರಸಿಬಿಡುತ್ತದೆ. ಯಾವುದು ಶ್ರೇಷ್ಠವೆಂದು ವಾದಿಸುವುದು ವ್ಯರ್ಥ. ನಮ್ಮ ಪ್ರಶ್ನೆ ಯಾವುದೆಂದು ಬರೆದಿಟ್ಟುಕೊಂಡರೆ ಕ್ರಮವು ತಾನಾಗಿ ಗೊತ್ತಾಗುತ್ತದೆ. ಒಂದು ಜೀವಿ ಹೊಲಕ್ಕೆ ಹಿತವೆಂದು ಹೇಳಬೇಕಾದರೆ ಮೂರು ಹಂತಗಳಲ್ಲಿಯೂ ಸಾಕ್ಷಿ ಬೇಕು. ಯಾವ ಹಂತದವರೆಗೆ ಸಾಕ್ಷಿಯಿದೆಯೋ ಅಲ್ಲಿಯವರೆಗೆ ಮಾತ್ರ ಮಾತನಾಡುವುದು ಶಾಸ್ತ್ರಧರ್ಮ.

ಸಾಧನಗಳು ಅಲ್ಪವಾಗಿರುವ ಕಾಲೇಜುಗಳೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ಮರಳು, ಸಸಿ, ಒತ್ತಡದ ಪಾತ್ರೆ ಇಷ್ಟಿದ್ದರೆ ಸುತ್ತಲಿನ ಊರುಗಳ ಹೊಲಗಳಲ್ಲಿ ಸೋಯಾದ ಬ್ಯಾಕ್ಟೀರಿಯಾ ಎಷ್ಟಿದೆಯೆಂದು ಎಣಿಸಲು ಸಾಧ್ಯ. ಪ್ರತಿ ಹೊಲದಲ್ಲಿ ಹಿಂದೆ ಬಿತ್ತಿದ ಬೆಳೆಗಳ ವಿವರದೊಡನೆ ಆ ಎಣಿಕೆಯನ್ನು ದಾಖಲಿಸಿದರೆ, ಪೊಟ್ಟಣ ಎಲ್ಲಿ ಬೇಕು ಎಲ್ಲಿ ಬೇಡ ಎಂಬುದಕ್ಕೆ ಮೊದಲನೆಯ ಸಾಧಾರ ಉತ್ತರ ದೊರೆಯುತ್ತದೆ. ಫಲ ಕಾಣದ ಹೊಲಗಳ ಲೆಕ್ಕವನ್ನೂ ಫಲ ಕಂಡವುಗಳೊಡನೆ ಪ್ರಕಟಿಸುವುದು ಅವಶ್ಯ. ರೈತನಿಗೆ ಖರ್ಚು ಉಳಿಯುವುದು ಆ ಹೊಲಗಳಲ್ಲಿಯೇ.